‘ಮಗನಾದರೂ ಬಂದ’: ಸಾಹಿತ್ಯ ಓದುವುದನ್ನು ಕಲಿಯುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ಒಂದು ಪುಟ್ಟ ವಾಕ್ಯದಿಂದ ಶುರು ಮಾಡುತ್ತೇನೆ.

“ಮಗ ಬಂದ.” ಇದು ಬರೀ ಸುದ್ದಿ. “ಮಗನೂ ಬಂದ” ಅಂದರೆ ಬೇರೆ ಯಾರೋ ಆಗಲೇ ಬಂದಿದ್ದಾರೆ. “ಮಗನೇ ಬಂದ” ಅಂದರೆ ಬೇರೆಯವರನ್ನು ಕಳಿಸಬಹುದಿತ್ತು, ಕಳಿಸಲಿಲ್ಲ. ಈಗ ಇದನ್ನು ಕೇಳಿ: “ಮಗನಾದರೂ ಬಂದ.” ಬರಬೇಕಾಗಿದ್ದ ಇನ್ಯಾರೋ ಬಂದಿಲ್ಲ, ಕಾದು ಕೂತವರ ಮನಸ್ಸು ನೊಂದಿದೆ, ಆ ನೋವಿನ ನಡುವೆಯೇ ಒಂದಿಷ್ಟು ಸಮಾಧಾನವೂ ಇದೆ. ಬಾರದವರ ಬಗ್ಗೆ ಒಂದಕ್ಷರವೂ ಇಲ್ಲಿಲ್ಲ, ಆದರೂ ಅವರು ನಮಗೆ ಕಾಣುತ್ತಾರೆ ಅಲ್ವಾ?

ಸಾಹಿತ್ಯ ವಿಮರ್ಶೆ ಅಂದರೆ ದೊಡ್ಡ ದೊಡ್ಡ ಪದ ಬಳಸುವುದು ಅಂತ ಹಲವರು ಹೆದರುತ್ತಾರೆ. ನನಗೆ ಅದು ಈ ‘ಆದರೂ’ ಮುಂದೆ ಸ್ವಲ್ಪ ಹೊತ್ತು ನಿಲ್ಲುವ ಅಭ್ಯಾಸ. “ಈ ಕವನದ ಸಂದೇಶ ಏನು?” ಅನ್ನುವ ಪ್ರಶ್ನೆ ನನಗೆ ಇಷ್ಟವಿಲ್ಲ. ಸಂದೇಶವನ್ನು ಒಂದೇ ಸಾಲಿನಲ್ಲಿ ಹೇಳಿ ಮುಗಿಸಬಹುದಾಗಿದ್ದರೆ ಕವಿ ಇಷ್ಟೆಲ್ಲ ಕಷ್ಟಪಟ್ಟು ಕವನ ಯಾಕೆ ಬರೆಯಬೇಕಿತ್ತು?

ಇಂಗ್ಲಿಷ್ ವಿಮರ್ಶಕ ಐ. ಎ. ರಿಚರ್ಡ್ಸ್ ಕೇಂಬ್ರಿಡ್ಜಿನ ತಮ್ಮ ವಿದ್ಯಾರ್ಥಿಗಳಿಗೆ ಕವಿಗಳ ಹೆಸರು ತೆಗೆದು ಬರೀ ಕವನಗಳನ್ನು ಕೊಟ್ಟು, ಅನಿಸಿದ್ದನ್ನು ಬರೆಯಲು ಹೇಳುತ್ತಿದ್ದರು. ವಿದ್ಯಾರ್ಥಿಗಳು ಬರೆದುಕೊಟ್ಟಿದ್ದನ್ನು ಪರಿಶೀಲಿಸಿ 1929ರಲ್ಲಿ ಪುಸ್ತಕ ತಂದರು. ಚೆನ್ನಾಗಿ ಓದಿಕೊಂಡ ಆ ಹುಡುಗ ಹುಡುಗಿಯರಲ್ಲಿ ಎಷ್ಟೋ ಜನರಿಗೆ ಕವನದ ನೇರ ಅರ್ಥವೇ ಸಿಕ್ಕಿರಲಿಲ್ಲ. ಕವನದಲ್ಲಿ ಇರುವುದನ್ನು ಬಿಟ್ಟು, ತಮ್ಮ ತಲೆಯಲ್ಲಿ ಮೊದಲೇ ಸಿದ್ಧವಾಗಿದ್ದ ಭಾವನೆಗಳನ್ನೇ ಬರೆದಿದ್ದರು. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ, ನಾವೆಲ್ಲ ಹಾಗೆಯೇ ಶುರು ಮಾಡುವುದು.

ಹಾಗಾದರೆ ಏನು ಮಾಡಬೇಕು? ಮೊದಲ ಸಲ ಸುಮ್ನೆ ಖುಷಿಗೆ ಓದಿ. ಎರಡನೇ ಸಲ ಪೆನ್ಸಿಲ್ ಹಿಡಿದು, ನಿಮ್ಮನ್ನು ತಡೆದು ನಿಲ್ಲಿಸಿದ ಜಾಗಕ್ಕೆ ಗುರುತು ಹಾಕಿ. ಆಮೇಲೆ ಆ ಪದ ತೆಗೆದು ಬೇರೊಂದನ್ನು ಇಟ್ಟು ನೋಡಿ, ಏನು ಕಳೆದುಹೋಯಿತು ಅಂತ. ನಮ್ಮ ಅಲಂಕಾರಶಾಸ್ತ್ರದ ಹಳೆಯ ಉದಾಹರಣೆಯೊಂದಿದೆ: “ಗಂಗೆಯಲ್ಲಿ ಹಳ್ಳಿ.” ನೀರಿನ ಮೇಲೆ ಹಳ್ಳಿ ಇರಲು ಸಾಧ್ಯವಿಲ್ಲ, ದಡದಲ್ಲಿದೆ ಅಂತ ನಾವೇ ಸರಿಮಾಡಿಕೊಳ್ಳುತ್ತೇವೆ. ಆದರೆ “ಗಂಗೆಯ ದಡದಲ್ಲಿ ಹಳ್ಳಿ” ಅಂತಲೇ ಬರೆದುಬಿಟ್ಟರೆ ಆ ತಂಪು, ಆ ಪಾವಿತ್ರ್ಯ ಅಷ್ಟಾಗಿ ಮನಸ್ಸಿಗೆ ತಟ್ಟುವುದಿಲ್ಲ. ಹೀಗೆ ಹೇಳದೆಯೇ ಹೊಳೆಯುವ ಅರ್ಥವನ್ನು ಒಂಬತ್ತನೇ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನ ಅನ್ನುವ ವಿದ್ವಾಂಸ ‘ಧ್ವನಿ’ ಅಂತ ಕರೆದು, ಕಾವ್ಯದ ಜೀವವೇ ಅದು ಅಂದ.

ಇಲ್ಲೊಂದು ಎಚ್ಚರಿಕೆ ಬೇಕು. ಧ್ವನಿ ಇದೆ ಅಂತ ಕಂಡದ್ದನ್ನೆಲ್ಲ ಸಂಕೇತ ಮಾಡಬೇಡಿ. ಕಥೆಯಲ್ಲಿ ಮಳೆ ಬಂದ ಕೂಡಲೇ ಅದು ದುಃಖ ಅಂತ ಬರೆಯುವವರು ಜಾಸ್ತಿ. ಆ ಮಳೆ ಅಲ್ಲಿ ಏನು ಮಾಡುತ್ತಿದೆ ನೋಡಿ. ಹೊರಟವರನ್ನು ಹೊಸ್ತಿಲಲ್ಲೇ ತಡೆದು, ಆಡದೆ ಉಳಿದ ಮಾತನ್ನು ಆಡಿಸಿತೇನೋ! ನೀವು ಏನೇ ಹೇಳಿದರೂ ಅದಕ್ಕೆ ಬೆರಳಿಟ್ಟು ತೋರಿಸಲು ಒಂದು ಸಾಲು ಇರಬೇಕು. ಲೇಖಕರ ಜೀವನಚರಿತ್ರೆ ಆಮೇಲೆ ನೋಡಿದರಾಯಿತು.

“ಮಗನಾದರೂ ಬಂದ” ಅಂದಾಗ ನಿಮ್ಮಲ್ಲಿ ಕೆಲವರಿಗೆ ಬಾರದ ಮಗಳು ನೆನಪಾಗಿರಬಹುದು, ಕೆಲವರಿಗೆ ಗಂಡ. ಮುಂದಿನ ಸಾಲು “ಅವನ ಕೈಯಲ್ಲಿ ಅಕ್ಕನ ಕಾಗದವಿತ್ತು” ಅಂತಿದ್ದರೆ ಮೊದಲಿನ ಊಹೆಗೆ ಬಲ ಬರುತ್ತದೆ. ಅಲ್ಲಿಯವರೆಗೆ ಎರಡನ್ನೂ ಕೈಬಿಡಬೇಡಿ.

ನಿಮಗೆಲ್ಲ ಒಂದೊಂದು ಹಾಳೆ ಕೊಟ್ಟಿದ್ದೇನೆ, ಅದರಲ್ಲೊಂದು ಕವನ ಇದೆ. ಕವಿಯ ಹೆಸರು ಹಾಕಿಲ್ಲ. ಪೆನ್ಸಿಲ್ ಆಮೇಲೆ ತೆಗೆಯಿರಿ, ಮೊದಲು ಯಾರಾದರೂ ಒಬ್ಬರು ಜೋರಾಗಿ ಓದಿ.