ದಿನಚರಿಗಳನ್ನು ಆರಿಸಿದ್ದು ಯಾರು?

ಕೇಳುಗರಿಗೆ ನಮಸ್ಕಾರ. ಇವತ್ತು ಜಪಾನಿನ ವಿದ್ಯಾರ್ಥಿಗಳು ಎರಡನೇ ಮಹಾಯುದ್ಧದ ಕಾಲದಲ್ಲಿ ಬರೆದಿಟ್ಟ ದಿನಚರಿಗಳ ಬಗ್ಗೆ ನಾಲ್ಕು ಮಾತು.

1943ರ ಅಕ್ಟೋಬರ್ 21. ಟೋಕಿಯೊದಲ್ಲಿ ಮಳೆ. ಮೇಜಿ ಮಂದಿರದ ಹೊರ ಉದ್ಯಾನದ ಕ್ರೀಡಾಂಗಣದಲ್ಲಿ ಸಾವಿರಾರು ವಿದ್ಯಾರ್ಥಿಗಳು ಬಂದೂಕು ಹೊತ್ತು, ನೆನೆಯುತ್ತ ನಡೆದರು. ಪ್ರಧಾನಿ ತೋಜೊ ಭಾಷಣ ಮಾಡಿದರು. ರೇಡಿಯೊ ಅದನ್ನು ನೇರವಾಗಿ ಬಿತ್ತರಿಸಿತು. ಅಲ್ಲಿಯವರೆಗೆ ಓದುವ ಹುಡುಗರಿಗೆ ಸೇನೆ ಸೇರುವುದರಿಂದ ವಿನಾಯಿತಿ ಇತ್ತು. ಈಗ ವಿಜ್ಞಾನ, ಎಂಜಿನಿಯರಿಂಗ್ ಓದುವವರು ಉಳಿದರು. ಸಾಹಿತ್ಯ, ಕಾನೂನು, ಅರ್ಥಶಾಸ್ತ್ರದವರು ಹೊರಟರು. ಅಂದರೆ ಓದಿದ್ದನ್ನು, ಅನಿಸಿದ್ದನ್ನು ಬರೆದಿಡುವ ಚಟ ಇದ್ದವರೇ ಜಾಸ್ತಿ, ಅಲ್ವಾ? ಇಷ್ಟೊಂದು ದಿನಚರಿ ಸಿಕ್ಕಿರುವುದಕ್ಕೆ ಅದೂ ಒಂದು ಕಾರಣ ಅಂತ ನನ್ನ ಊಹೆ.

ಆದರೆ ಬ್ಯಾರಕ್ಕಿನಲ್ಲಿ ಬರೆದದ್ದನ್ನು ಅಧಿಕಾರಿಗಳು ಓದುತ್ತಿದ್ದರು. ಮನಸ್ಸಿನ ಮಾತು ಬರೆಯಬೇಕಾದರೆ ಕದ್ದು ಬರೆಯಬೇಕು. ಕೇಯೊ ವಿಶ್ವವಿದ್ಯಾಲಯದ ಉಎಹಾರಾ ರ್‍ಯೋಜಿ 1945ರ ಮೇ 11ರಂದು ಆತ್ಮಾಹುತಿ ವಿಮಾನದಲ್ಲಿ ಒಕಿನಾವಾ ಕಡೆ ಹಾರಿ ಸತ್ತ. ಹಿಂದಿನ ರಾತ್ರಿ ಒಬ್ಬ ವರದಿಗಾರ ಕೇಳಿದನೆಂದು ಕೆಲವು ಹಾಳೆ ಬರೆದುಕೊಟ್ಟಿದ್ದ. ತಾನು ಸ್ವಾತಂತ್ರ್ಯವನ್ನು ನಂಬುವವನು, ಸರ್ವಾಧಿಕಾರದ ದೇಶಗಳು ಸೋತೇ ಸೋಲುತ್ತವೆ ಅಂತ. ಸೇನೆಯ ಕೈಗೆ ಸಿಕ್ಕಿದ್ದರೆ ಆ ಹಾಳೆಗಳು ಉಳಿಯುತ್ತಿರಲಿಲ್ಲ.

ಯುದ್ಧ ಮುಗಿದ ಮೇಲೆ ಇನ್ನೊಂದು ಜರಡಿ ಬಂತು. 1947ರಲ್ಲಿ ಟೋಕಿಯೊ ವಿಶ್ವವಿದ್ಯಾಲಯದವರು ತಮ್ಮಲ್ಲಿ ಸತ್ತ ವಿದ್ಯಾರ್ಥಿಗಳ ಬರಹ ತಂದರು. 1949ರಲ್ಲಿ ಬೇರೆ ಬೇರೆ ಕಾಲೇಜುಗಳ 75 ಜನರ ಬರಹ ಸೇರಿಸಿ ದೊಡ್ಡ ಸಂಕಲನ ಬಂತು. ಮುನ್ನುಡಿ ಬರೆದ ಪ್ರೊಫೆಸರ್ ವಾತಾನಾಬೆ ಕಾಜುಒ ಒಂದು ವಿಷಯ ಮುಚ್ಚಿಡಲಿಲ್ಲ. ಉಗ್ರ ದೇಶಭಕ್ತಿಯ ಬರಹಗಳೂ ಇರಲಿ ಎಂದು ಅವರು ಮೊದಲು ಹೇಳಿದ್ದರಂತೆ. ಸಂಪಾದಕರು ಬೇಡ ಎಂದರು, ಇವರೂ ಕೊನೆಗೆ ಒಪ್ಪಿದರು. ಅಂಥವನ್ನು ಬಿಟ್ಟದ್ದು ತಪ್ಪೆಂದೇ ನಾನು ಹೇಳುತ್ತೇನೆ. ಹುಚ್ಚು ಉತ್ಸಾಹದಿಂದ ಹೋದವರೂ ಅದೇ ತರಗತಿಗಳಲ್ಲಿ ಕೂತಿದ್ದವರು.

ಇದರಲ್ಲಿ ನಮ್ಮ ಕಡೆಯ ಒಂದು ಎಳೆಯೂ ಇದೆ. ಕ್ಯೋತೊ ವಿಶ್ವವಿದ್ಯಾಲಯದ ಕಿಮುರಾ ಹಿಸಾಒ ಕಾರ್ ನಿಕೋಬಾರಿನಲ್ಲಿ ಜಪಾನೀ ಸೇನೆಯ ದುಭಾಷಿಯಾಗಿದ್ದ. ದ್ವೀಪದ ಜನರನ್ನು ಗೂಢಚಾರರೆಂದು ಹಿಡಿದು ಹಿಂಸಿಸಿ ಕೊಂದ ಪ್ರಕರಣದಲ್ಲಿ, ಯುದ್ಧ ಮುಗಿದ ಮೇಲೆ ಬ್ರಿಟಿಷರು ನಡೆಸಿದ ವಿಚಾರಣೆಯಲ್ಲಿ ಅವನಿಗೆ ಮರಣದಂಡನೆ ಆಯಿತು. 1946ರ ಮೇ ತಿಂಗಳಲ್ಲಿ ಸಿಂಗಾಪುರದ ಚಾಂಗಿ ಜೈಲಿನಲ್ಲಿ ಗಲ್ಲು. ಅಲ್ಲಿ ಕಾಗದ ಸುಲಭಕ್ಕೆ ಸಿಗುತ್ತಿರಲಿಲ್ಲ. ಕೈಗೆ ಸಿಕ್ಕ ತತ್ವಶಾಸ್ತ್ರದ ಪುಸ್ತಕವೊಂದರ ಅಂಚುಗಳಲ್ಲೇ ಬರೆದ. ಆ ಸಂಕಲನದಲ್ಲಿ ಜನ ಬಹಳ ಮೆಚ್ಚಿದ ಪುಟಗಳು ಇವು. ಆದರೆ ಅವನದೇ ಮತ್ತೊಂದು ಬರಹದ ಭಾಗಗಳನ್ನೂ ಇದಕ್ಕೆ ಸೇರಿಸಿ ತಿದ್ದಿದ್ದರೆಂಬುದು ಹೊರಗೆ ಬಂದದ್ದು 2014ರಲ್ಲಿ!

ಅವನು ತನ್ನ ಪಾಡು ಬರೆದಿಟ್ಟ. ನಿಕೋಬಾರಿನಲ್ಲಿ ಸತ್ತವರಿಗೆ ಏನಾಯಿತೆಂದು ತಿಳಿಯಬೇಕಾದರೆ ಮಾತ್ರ ಆ ದಿನಚರಿ ಸಾಲದು, ವಿಚಾರಣೆಯ ಕಡತಗಳನ್ನೇ ತೆಗೆದು ನೋಡಬೇಕು. ನಮಸ್ಕಾರ.