ಬಾಸುಂಡೆಯಲ್ಲ, ಬೆಳೆದ ಗುರುತು

ಕೇಳುಗರೆಲ್ಲರಿಗೂ ನಮಸ್ಕಾರ.

ಒಬ್ಬ ತಾಯಿ 15 ವರ್ಷದ ಮಗನನ್ನು ನನ್ನ ಹತ್ತಿರ ಕರೆದುಕೊಂಡು ಬಂದಿದ್ದರು. ಹುಡುಗ ಅಂಗಿ ಬಿಚ್ಚಿ ತಿರುಗಿ ನಿಂತ. ಸೊಂಟದಿಂದ ಸ್ವಲ್ಪ ಮೇಲೆ, ಬೆನ್ನಿಗೆ ಅಡ್ಡಲಾಗಿ, ಏಣಿ ಮೆಟ್ಟಿಲಿನ ಹಾಗೆ ಒಂದರ ಕೆಳಗೊಂದು ಐದಾರು ಕೆಂಪು ಗೆರೆ. "ಯಾರೋ ಹೊಡೆದಿದ್ದಾರೆ ಡಾಕ್ಟ್ರೇ, ಇವನು ಬಾಯಿ ಬಿಡ್ತಿಲ್ಲ" ಅಂದರು ತಾಯಿ. ನಾನು ಬೆರಳಾಡಿಸಿ ನೋಡಿದೆ. ಬಾಸುಂಡೆಯಾದರೆ ಮುಟ್ಟಿದಾಗ ನೋಯಬೇಕು, ನಾಲ್ಕು ದಿನದಲ್ಲಿ ಬಣ್ಣ ತಿರುಗಬೇಕು. ಇವು ಎರಡು ತಿಂಗಳಿಂದ ಹಾಗೇ ಇದ್ದವಂತೆ, ನೋವೂ ಇಲ್ಲ. "ಹೋದ ವರ್ಷದ ಪ್ಯಾಂಟು ಇವನಿಗೆ ಈಗ ಆಗುತ್ತಾ?" ಅಂತ ಕೇಳಿದೆ. "ಎಲ್ಲಿ ಆಗುತ್ತೆ, ಎರಡು ಸಲ ಹೊಸದು ತಗೊಂಡಾಯ್ತು" ಅಂದರು. ಅಲ್ಲಿಗೆ ಕಳ್ಳ ಸಿಕ್ಕಿಬಿದ್ದ. ಹೊಡೆದವರು ಯಾರೂ ಇಲ್ಲ, ಹುಡುಗ ಸರ್ರನೆ ಎತ್ತರ ಬೆಳೆದಿದ್ದ, ಅಷ್ಟೇ. ಆ ಗೆರೆಗಳು ಸ್ಟ್ರೆಚ್ ಮಾರ್ಕ್ಸ್, ಅಂದರೆ ಚರ್ಮ ಎಳೆದುಕೊಂಡಾಗ ಬೀಳುವ ಗೆರೆಗಳು.

ಸ್ಟ್ರೆಚ್ ಮಾರ್ಕ್ಸ್ ಅಂದ ಕೂಡಲೇ ನಮಗೆ ಬಸುರಿಯರ ಹೊಟ್ಟೆ ಮಾತ್ರ ನೆನಪಾಗುತ್ತದೆ. ನಿಜ, ಆರೇಳು ತಿಂಗಳು ದಾಟಿದ ಮೇಲೆ ತುಂಬಾ ಜನರಿಗೆ ಬರುತ್ತವೆ. ಆದರೆ ವಯಸ್ಸಿಗೆ ಬರುತ್ತಿರುವ ಹುಡುಗಿಯರ ತೊಡೆ, ಸೊಂಟ, ಎದೆ ಮೇಲೂ ಬರುತ್ತವೆ. ಜಿಮ್‌ನಲ್ಲಿ ಬೇಗ ಬೇಗ ಮೈ ಕಟ್ಟಿದ ಹುಡುಗರ ಭುಜದ ಮೇಲೂ ಬರುತ್ತವೆ, ದಿಢೀರ್ ಅಂತ ದಪ್ಪ ಆದವರಿಗೂ ಅಷ್ಟೇ.

ಒಳಗೆ ಏನಾಗುತ್ತದೆ ಗೊತ್ತಾ? ನಾವು ಕಣ್ಣಿಂದ ನೋಡೋ ಮೇಲ್ಪದರ ಬಹಳ ತೆಳು. ಅದರ ಕೆಳಗಿನ ಪದರದಲ್ಲಿ ಕೊಲಾಜೆನ್, ಎಲಾಸ್ಟಿನ್ ಅನ್ನುವ ನಾರುಗಳು ಬಲೆ ಹಾಗೆ ಹೆಣೆದುಕೊಂಡಿರುತ್ತವೆ. ಚರ್ಮಕ್ಕೆ ಗಟ್ಟಿತನ ಕೊಡೋದು, ಎಳೆದರೆ ವಾಪಸ್ ಬರೋ ಹಾಗೆ ಮಾಡೋದು ಇವೇ. ಮೈ ಬೆಳೆಯುವ ವೇಗಕ್ಕೆ ಈ ಬಲೆ ಸರಿಹೋಗದೇ ಇದ್ದಾಗ ಅಲ್ಲಲ್ಲಿ ಹರಿಯುತ್ತದೆ. ಮೇಲ್ಪದರ ಹರಿಯುವುದಿಲ್ಲ, ಆದ್ದರಿಂದ ರಕ್ತ ಬರುವುದಿಲ್ಲ. ಒಳಗಿನ ರಕ್ತನಾಳಗಳು ಮಾತ್ರ ಕೆಂಪಗೆ ಇಣುಕುತ್ತವೆ, ಸ್ವಲ್ಪ ಕಡಿತವೂ ಇರಬಹುದು. ಕಂದು, ಕಪ್ಪು ಮೈಬಣ್ಣದವರಲ್ಲಿ ಇದೇ ಗೆರೆ ನೇರಳೆಯಾಗಿಯೋ ಗಾಢ ಕಂದಾಗಿಯೋ ಕಾಣುತ್ತದೆ. ತಿಂಗಳುಗಟ್ಟಲೆ ಕಳೆದ ಮೇಲೆ ಬಣ್ಣ ಇಳಿದು ಬೆಳ್ಳಗಾಗುತ್ತದೆ, ಮೀನಿನ ಹೊಟ್ಟೆ ಹಾಗೆ ಹೊಳೆಯುತ್ತದೆ, ಬೆರಳಿಟ್ಟರೆ ಸಣ್ಣ ತಗ್ಗು ಸಿಗುತ್ತದೆ. ಅಂದರೆ ಇದು ಒಳಗಡೆ ಆದ ಗಾಯ, ಅದು ಮಾಗಿ ಉಳಿದ ಕಲೆ.

ಬರೀ ಎಳೆತ ಒಂದೇ ಕಾರಣ ಅಲ್ಲ. ಹಾಗಿದ್ದರೆ ಎಲ್ಲ ಬಸುರಿಯರಿಗೂ ಬರಬೇಕಿತ್ತು, ಅಲ್ವಾ? ಅಮ್ಮನಿಗೋ ಅಕ್ಕನಿಗೋ ಇದ್ದರೆ ನಿಮಗೂ ಬರುವ ಸಾಧ್ಯತೆ ಜಾಸ್ತಿ. ಚಿಕ್ಕ ವಯಸ್ಸಿನಲ್ಲಿ ಬಸುರಾದವರಿಗೂ ಜಾಸ್ತಿ. ಇನ್ನೊಂದು ಕಾರಣ ಕಾರ್ಟಿಸಾಲ್ ಅನ್ನುವ ಹಾರ್ಮೋನ್, ಇದು ಹೆಚ್ಚಾದರೆ ಹೊಸ ನಾರು ಹುಟ್ಟುವುದೇ ಕಡಿಮೆಯಾಗುತ್ತದೆ.

ಇಲ್ಲಿ ಸ್ವಲ್ಪ ಸಿಟ್ಟಿನಿಂದಲೇ ಒಂದು ಮಾತು ಹೇಳ್ತೀನಿ. ತೊಡೆ ಸಂದಿಯಲ್ಲಿ ಕಡಿತ ಅಂತ ಯಾರೋ ಹೇಳಿದ ಕ್ರೀಮ್ ತಂದು ತಿಂಗಳುಗಟ್ಟಲೆ ಹಚ್ಚುವವರಿದ್ದಾರೆ. ಅದರಲ್ಲಿ ಎಷ್ಟೋ ಸಲ ಕಾರ್ಟಿಸಾಲ್ ಹಾಗೇ ಕೆಲಸ ಮಾಡೋ ಸ್ಟೀರಾಯ್ಡ್ ಇರುತ್ತದೆ. ಕಡಿತವೇನೋ ಎರಡು ದಿನಕ್ಕೆ ನಿಂತಂತೆ ಅನ್ನಿಸುತ್ತದೆ, ಆದರೆ ಮೊದಲೇ ತೆಳುವಾಗಿರುವ ಆ ಜಾಗದ ಚರ್ಮ ಇನ್ನೂ ತೆಳುವಾಗಿ ಅಗಲಗಲ ಗೆರೆಗಳು ಬೀಳುತ್ತವೆ, ಆಮೇಲೆ ಅವು ಪೂರ್ತಿ ಹೋಗುವುದೇ ಇಲ್ಲ. ಇನ್ನು ಯಾವ ಕ್ರೀಮೂ ಹಚ್ಚಿಲ್ಲ, ಆದರೂ ಹೊಟ್ಟೆ ಮೇಲೆ ಒಂದು ಸೆಂಟಿಮೀಟರಿಗಿಂತ ಅಗಲವಾದ ಕಡುನೇರಳೆ ಗೆರೆ, ಜೊತೆಗೆ ಮುಖ ದುಂಡಗಾಗಿದೆ, ಬಿಪಿ ಏರಿದೆ ಅಂದರೆ ಅದು ಬರೀ ಅಂದಚಂದದ ಪ್ರಶ್ನೆ ಅಲ್ಲ. ಮೈಯಲ್ಲಿ ಕಾರ್ಟಿಸಾಲ್ ಅತಿಯಾಗುವ ಕುಶಿಂಗ್ ಸಿಂಡ್ರೋಮ್ ಇರಬಹುದು, ಹಾರ್ಮೋನ್ ಪರೀಕ್ಷೆ ಮಾಡಿಸಲೇಬೇಕು.

ಸರಿ, ಚಿಕಿತ್ಸೆ. ನಾನು ಮೊದಲು ನೋಡೋದು ಗೆರೆಯ ಬಣ್ಣ. ಕೆಂಪಿದ್ದರೆ ಒಳಗೆ ಇನ್ನೂ ರಿಪೇರಿ ಕೆಲಸ ನಡೀತಿದೆ ಅಂತ ಅರ್ಥ, ಔಷಧಿ ಮಾತು ಕೇಳುತ್ತದೆ. ಟ್ರೆಟಿನಾಯಿನ್ ಕ್ರೀಮ್ ದಿನಾ ಹಚ್ಚಿದರೆ ಐದಾರು ತಿಂಗಳಲ್ಲಿ ಗೆರೆಯ ಉದ್ದ ಅಗಲ ಕಡಿಮೆಯಾಗಬಹುದು. ಶುರುವಿನಲ್ಲಿ ಉರಿ, ಸಿಪ್ಪೆ ಏಳೋದು ಇರುತ್ತದೆ. ಬಸುರಿಯರು ಇದನ್ನು ಹಚ್ಚಲೇಬಾರದು. ಕೆಂಪು ತಗ್ಗಿಸಲು ಪಲ್ಸ್ಡ್ ಡೈ ಲೇಸರ್ ಇದೆ, ಅದು ರಕ್ತನಾಳಗಳನ್ನೇ ಗುರಿಯಿಟ್ಟು ಹೊಡೆಯುತ್ತದೆ.

ಬೆಳ್ಳಗಾದ ಮೇಲೆ ಕ್ರೀಮ್‌ಗೆ ಅಷ್ಟಾಗಿ ಬಗ್ಗುವುದಿಲ್ಲ. ಆಗ ಫ್ರ್ಯಾಕ್ಷನಲ್ ಲೇಸರ್ ಅಥವಾ ಮೈಕ್ರೋನೀಡ್ಲಿಂಗ್. ಎರಡರದ್ದೂ ತಂತ್ರ ಒಂದೇ: ಬೇಕಂತಲೇ ಚಿಕ್ಕ ಚಿಕ್ಕ ಗಾಯ ಮಾಡಿ ಚರ್ಮಕ್ಕೆ ಹೊಸ ಕೊಲಾಜೆನ್ ಹುಟ್ಟಿಸುವ ನೆಪ ಕೊಡೋದು. ಮೈಕ್ರೋನೀಡ್ಲಿಂಗ್‌ನಲ್ಲಿ ಮರಗಟ್ಟಿಸುವ ಕ್ರೀಮ್ ಹಚ್ಚಿ ಮುಕ್ಕಾಲು ಗಂಟೆ ಕೂರಿಸುತ್ತೇವೆ. ಆಮೇಲೆ ಒಂದೂವರೆ ಎರಡು ಮಿಲಿಮೀಟರ್ ಉದ್ದದ ಸೂಜಿಗಳಿರುವ ಪೆನ್ನಿನಂಥ ಸಾಧನವನ್ನು ಗೆರೆಯ ಮೇಲೆ ಓಡಿಸುತ್ತೇವೆ. ಸಾಸಿವೆಗಿಂತ ಚಿಕ್ಕ ರಕ್ತದ ಚುಕ್ಕಿಗಳು ಸಾಲಾಗಿ ಮೂಡುತ್ತವೆ, ಒರೆಸಿದರೆ ನಿಲ್ಲುತ್ತವೆ. ಎರಡು ಮೂರು ದಿನ ಬಿಸಿಲಿಗೆ ಸುಟ್ಟ ಹಾಗೆ ಕೆಂಪಗಿರುತ್ತದೆ. ತಿಂಗಳಿಗೊಂದು ಸಲದಂತೆ ಮೂರರಿಂದ ಆರು ಸಲ ಬೇಕಾಗುತ್ತದೆ. ಮೈಬಣ್ಣ ಗಾಢವಾಗಿದ್ದವರಿಗೆ ಲೇಸರ್ ಬಿಸಿಯಿಂದ ಕಪ್ಪು ಕಲೆ ಬೀಳೋ ಭಯ ಇದೆ, ಅಂಥವರಿಗೆ ನಾನು ಸೂಜಿಯನ್ನೇ ಮೊದಲು ಹೇಳೋದು. ಬಿಳಿ ಗೆರೆಗೆ ಬಣ್ಣ ತುಂಬಲು 308 ನ್ಯಾನೋಮೀಟರ್‌ನ ಎಕ್ಸೈಮರ್ ಲೇಸರ್ ಕೂಡ ಇದೆ, ಆದರೆ ಬಂದ ಬಣ್ಣ ಉಳಿಯಬೇಕಾದರೆ ಆಗಾಗ ಹೋಗಿ ಮಾಡಿಸುತ್ತಿರಬೇಕು.

ಎಣ್ಣೆ ಹಚ್ಚಿದರೆ? ಕೋಕೋ ಬಟರ್, ಆಲಿವ್ ಎಣ್ಣೆ ಎರಡನ್ನೂ ಪರೀಕ್ಷಿಸಿ ನೋಡಿದ್ದಾರೆ, ಗೆರೆ ಬರೋದನ್ನು ಅವು ತಡೆಯಲಿಲ್ಲ. ಹರಿದಿರೋದು ಒಳಗೆ, ನಾವು ಸವರೋದು ಹೊರಗೆ. ಚರ್ಮ ಮೆತ್ತಗಾಗುತ್ತೆ, ಕಡಿತ ಇಳಿಯುತ್ತೆ, ಅಷ್ಟಕ್ಕೆ ಹಚ್ಚಿಕೊಳ್ಳಿ, ತಪ್ಪಿಲ್ಲ.

ಹೆರಿಗೆಯಾಗಿ ತಿಂಗಳಿಗೇ ಲೇಸರ್ ಬೇಕು ಅಂತ ಬರುವವರಿಗೆ ನಾನು ತಡೀರಿ ಅಂತೀನಿ. ಆರು ತಿಂಗಳಿಂದ ಒಂದು ವರ್ಷದಲ್ಲಿ ಬಣ್ಣ ತಾನಾಗೇ ಎಷ್ಟೋ ತಗ್ಗುತ್ತದೆ. ಗೆರೆ ಪೂರ್ತಿ ಅಳಿಸಿಬಿಡ್ತೀವಿ ಅನ್ನುವವರನ್ನು ಮಾತ್ರ ನಂಬಬೇಡಿ. ಒಳ್ಳೆಯ ಚಿಕಿತ್ಸೆಯೂ ಮಾಸಲು ಮಾಡುತ್ತದೆ, ಇಲ್ಲದ ಹಾಗೆ ಮಾಡುವುದಿಲ್ಲ. ಶುರುಮಾಡುವ ದಿನವೇ ಕಿಟಕಿ ಪಕ್ಕ ನಿಂತು ಒಂದು ಫೋಟೋ ತೆಗೆದಿಡಿ, ಮೂರು ತಿಂಗಳಾದ ಮೇಲೆ ಅದೇ ಕಿಟಕಿ, ಅದೇ ಹೊತ್ತಿನಲ್ಲಿ ಇನ್ನೊಂದು. ದಿನಾ ಕನ್ನಡಿ ನೋಡೋ ಕಣ್ಣಿಗೆ ಈ ವ್ಯತ್ಯಾಸ ಸಿಗೋದಿಲ್ಲ.

ನಮಸ್ಕಾರ.