ರಬ್ಬರ್ ಬ್ಯಾಗಿನಲ್ಲೇ ಇರಲಿ

ಕೇಳುಗರಿಗೆ ನಮಸ್ಕಾರ. ಇವತ್ತಿನ ಮಾತು 1ರಿಂದ 3ನೇ ತರಗತಿಗೆ ಕಲಿಸುವ ಶಿಕ್ಷಕರಿಗೆ, ಉಸಿರು ಗಮನಿಸಿ ನಿಧಾನವಾಗಿ ನೋಡಿ ಬರೆಯುವ ಚಿತ್ರದ ಬಗ್ಗೆ. ಹೇಳುವುದು ಒಂದೇ: ಚಿತ್ರ ಚೆಂದ ಬರಬೇಕಿಲ್ಲ, ಮಗು ನೋಡಬೇಕು.

7 ವರ್ಷದ ಮಗುವಿಗೆ "ಒಂದು ಎಲೆ ಬರಿ" ಅನ್ನಿ. ಚೂಪು ತುದಿಯ ಮೊಟ್ಟೆಯಾಕಾರ, ನಡುವೆ ಗೆರೆ, ಆಚೆ ಈಚೆ ನಾಲ್ಕು ಕಡ್ಡಿ. ಅರ್ಧ ನಿಮಿಷದಲ್ಲಿ ಮುಗಿಯಿತು! ಈ ವಯಸ್ಸಿಗೆ ಅದು ಸಹಜ, ತಿದ್ದಬೇಡಿ. ಹಾಳೆ ಎತ್ತಿಟ್ಟುಕೊಳ್ಳಿ.

ಈಗ ಒಬ್ಬೊಬ್ಬರಿಗೂ ನಿಜವಾದ ಎಲೆ ಕೊಡಿ. ಹುಳ ತಿಂದದ್ದಾದರೆ ಇನ್ನೂ ಒಳ್ಳೆಯದು. ಮೊದಲು ಉಸಿರು. ಒಂದು ಅಂಗೈ ಅಗಲಿಸಿ, ಇನ್ನೊಂದು ಕೈಯ ತೋರುಬೆರಳಿನಿಂದ ಅದರ ಬೆರಳುಗಳ ಅಂಚು ಸವರಬೇಕು. ಏರುವಾಗ ಉಸಿರು ಒಳಗೆ, ಇಳಿಯುವಾಗ ಹೊರಗೆ. 5 ಬೆರಳು, 5 ಉಸಿರು. ಉಸಿರು ಬಿಗಿಹಿಡಿಸಬೇಡಿ, ಮಕ್ಕಳು ಪೈಪೋಟಿಗೆ ಬಿದ್ದು ತಲೆ ಸುತ್ತಿಸಿಕೊಳ್ಳುತ್ತಾರೆ. ಆಮೇಲೆ 1 ನಿಮಿಷ, ಪೆನ್ಸಿಲ್ ಮುಟ್ಟದೆ, ಎಲೆಯ ಅಂಚನ್ನು ಬೆರಳಲ್ಲಿ ಸವರಲಿ. ನಂತರ 3 ನಿಮಿಷ ಬರೆಯುವುದು: ಕಣ್ಣು ಎಲೆಯ ಮೇಲೆ, ಪೆನ್ಸಿಲ್ ಇರುವೆಯ ಹಾಗೆ ನಿಧಾನ. ಹಾಳೆಯ ಮೂಲೆಗಳನ್ನು ಡೆಸ್ಕಿಗೆ ಟೇಪ್ ಹಾಕಿ ಅಂಟಿಸಿರಿ, ಜಾರಿದರೆ ಕಣ್ಣೂ ಅದರ ಹಿಂದೆ ಹೋಗುತ್ತದೆ. ರಬ್ಬರ್? ದಯವಿಟ್ಟು ಬೇಡ. ಅಳಿಸಲು ಕೂತ ಮಗು ನೋಡುವುದನ್ನು ಬಿಟ್ಟಿತು ಅಂತಲೇ ಲೆಕ್ಕ.

ಗೆರೆ ಸೊಟ್ಟ ಬರುತ್ತದೆ, ತುದಿಗೆ ತುದಿ ಸೇರುವುದಿಲ್ಲ. ಬರಲಿ ಬಿಡಿ! ಹುಳ ಕೊರೆದ ತೂತು ಈ ಹಾಳೆಯಲ್ಲಿರುತ್ತದೆ, ಅಂಚಿನ ಹಲ್ಲುಗಳಿರುತ್ತವೆ. ಮೊದಲಿನ ಹಾಳೆ ಪಕ್ಕದಲ್ಲಿಟ್ಟು ತೋರಿಸಿ. ಹಾಗೆಯೇ ಒಂದು ಹುಲ್ಲಿನ ಎಸಳನ್ನೂ ಬರೆಸಿದರೆ, ಅದರ ನಾಳಗಳು ಉದ್ದಕ್ಕೆ ಸಾಲಾಗಿ ಹೋಗುತ್ತವೆ, ಎಲೆಯವು ಕವಲೊಡೆದು ಕೂಡಿಕೊಳ್ಳುತ್ತವೆ ಎಂದು ಮಗುವೇ ಹೇಳುತ್ತದೆ. ವಿಜ್ಞಾನದ ಪಾಠಕ್ಕೆ ಇನ್ನೇನು ಬೇಕು?

ಇಲ್ಲಿ ಶಿಕ್ಷಕರು ತಡೆಯಲಾರದೆ "ಸೂಪರ್!" ಅಂದುಬಿಡುತ್ತಾರೆ. ಮರುಕ್ಷಣ ಇಡೀ ತರಗತಿ ಎಲೆ ಬಿಟ್ಟು ಟೀಚರ್ ಮುಖ ನೋಡುತ್ತದೆ. ಮತ್ತೆ ಅದೇ ಮಾತು, ಮಗು ನೋಡಬೇಕಾದ್ದು ಎಲೆಯನ್ನು. "ಈ ತೂತು ಎಲ್ಲಿ ಕಂಡಿತು, ತೋರಿಸು" ಅಂದರೆ ಸಾಕು.

ಎಲೆಯಲ್ಲೇ ಹೊತ್ತು ಕಳೆಯಿತು, ಉಳಿದದ್ದು ಚುಟುಕಾಗಿ. ಬಣ್ಣಕ್ಕೆ ದಪ್ಪ ಕ್ರೇಯಾನ್, ಎರಡೇ ಬಣ್ಣ. ಡಬ್ಬಿಯಿಡೀ ಕೊಟ್ಟರೆ ಆರಿಸುವುದರಲ್ಲೇ ಪೀರಿಯಡ್ ಮುಗಿಯುತ್ತದೆ. ಉಸಿರಿನ ಹೊತ್ತಿಗೆ ಕಣ್ಣು ಮುಚ್ಚಿಸುವುದಾದರೆ, ಕೆಲವು ಮಕ್ಕಳಿಗೆ ಹೆದರಿಕೆ, ಬಲವಂತ ಬೇಡ. ಗೋಡೆಗೆ ಅಂಟಿಸುವುದಾದರೆ ಎಲ್ಲರದ್ದೂ ಅಂಟಿಸಿ. ಗಲಾಟೆಗೆ ಶಿಕ್ಷೆಯೆಂದು ಮಾತ್ರ ಮಾಡಿಸಬೇಡಿ, ಆಮೇಲೆ ಎಲೆ ಕಂಡರೇ ಮುಖ ಸಿಂಡರಿಸುತ್ತಾರೆ. ಊಟದ ಬಿಡುವು ಮುಗಿಸಿ ಏದುಸಿರು ಬಿಡುತ್ತಾ ಒಳಗೆ ಬರುತ್ತಾರಲ್ಲ, ಆ ಹೊತ್ತು ಇದಕ್ಕೆ ಸರಿ. ನಮಸ್ಕಾರ.